ಆ ಹಳೇ ಘಮ ಎಲ್ಲಿ ಹೋಯಿತು? ನಮ್ಮ ಎಣ್ಣೆ ಗ್ರಾಹಕರಿಗೆ ಒಂದು ಪತ್ರ

ಪ್ರಿಯ ಗ್ರಾಹಕರೇ,

ಮೊದಲು ಕ್ಷಮೆ ಕೇಳುತ್ತೇವೆ. ಹೊಸ ಕೊಬ್ಬರಿ ಎಣ್ಣೆ ನಿಮ್ಮ ಮನೆ ಸೇರಿ ಎರಡು ತಿಂಗಳಾಯಿತು, ಪತ್ರ ಈಗ ಬರುತ್ತಿದೆ. ಮೊದಲ ಬಾಟಲಿಯ ಜೊತೆಗೇ ಇದು ಬರಬೇಕಿತ್ತು. ಮುಚ್ಚಳ ತೆಗೆದರೆ ಸಾಕು, ವ್ಯತ್ಯಾಸ ನಿಮಗೇ ತಿಳಿಯುತ್ತದೆ, ನಾವು ಹೇಳುವುದೇನು ಎಂದು ಸುಮ್ಮನಿದ್ದೆವು. ಅದು ತಪ್ಪಾಯಿತು. ಇಷ್ಟು ವರ್ಷ ಒಂದೇ ವಾಸನೆಗೆ ಹೊಂದಿಕೊಂಡವರಿಗೆ ಏನೂ ಹೇಳದೆ ಬೇರೆ ವಾಸನೆಯ ಎಣ್ಣೆ ಕೊಟ್ಟರೆ ಅನುಮಾನ ಬಾರದೆ ಇರುತ್ತದೆಯೇ?

ಅನುಮಾನ ಬಂತು. ದಿನವೂ ಫೋನ್ ಬರುತ್ತಿವೆ. ಬಣ್ಣ ತೆಳುವಾಗಿದೆ, ಹಳೇ ಘಮ ಇಲ್ಲ, ಇದು ರಿಫೈನ್ಡ್ ಎಣ್ಣೆ ಅಲ್ವಾ ಅಂತ ಕೇಳುತ್ತಾರೆ. ಒಬ್ಬರು ನೇರವಾಗಿಯೇ "ಏನು ಬೆರೆಸಿದ್ದೀರಿ, ಹೇಳಿ" ಅಂದರು. ಗಾಣದ ಹತ್ತಿರ ನಿಂತು ಆ ಮಾತು ಕೇಳಿಸಿಕೊಂಡವರಿಗೆ ಆವತ್ತೆಲ್ಲ ಕೆಲಸದಲ್ಲಿ ಮನಸ್ಸೇ ಇರಲಿಲ್ಲ. ಹಾಗಾಗಿ ಈ ಪತ್ರ ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಕೊನೆಯವರೆಗೂ ಓದಿ.

ಮುಖ್ಯವಾಗಿ ಬದಲಾಗಿದ್ದು ಒಣಗಿಸುವ ರೀತಿ. ಮೊದಲು ನಮ್ಮ ಸಂಘದ ಸದಸ್ಯರು ಅವರವರ ಮನೆಯಲ್ಲಿ ಒಣಗಿಸಿ ತಂದ ಕೊಬ್ಬರಿಯನ್ನು ತೂಕ ಹಾಕಿ ಕೊಳ್ಳುತ್ತಿದ್ದೆವು. ಬಿಸಿಲಿದ್ದಾಗ ಅಂಗಳದಲ್ಲಿ, ಮಳೆ ಹಿಡಿದಾಗ ಹೊಗೆಯ ಮೇಲೆ. ಈಗ ಕೊಬ್ಬರಿ ಕೊಳ್ಳುವುದನ್ನೇ ನಿಲ್ಲಿಸಿದ್ದೇವೆ. ಬಲಿತ ಕಾಯಿ ಕೊಂಡು, ನಾವೇ ಒಡೆದು, ನಾಲ್ಕು ಗಂಟೆಯೊಳಗೆ ಡ್ರೈಯರ್‌ಗೆ ಹಾಕುತ್ತೇವೆ. ಕೆಳಗೆ ಕರಟ ಉರಿಯುತ್ತದೆ. ಅದರ ಹೊಗೆ ಕೊಳವೆಯೊಳಗೇ ಹೋಗಿ ಚಿಮಣಿಯಿಂದ ಹೊರಗೆ ಬೀಳುತ್ತದೆ. ಹೋಳಿಗೆ ತಾಗುವುದು ಬಿಸಿ ಗಾಳಿ ಮಾತ್ರ. ಶುರುವಿನಲ್ಲಿ ಶಾಖ 60ರಿಂದ 70 ಡಿಗ್ರಿ ದಾಟದಂತೆ ನೋಡಿಕೊಳ್ಳುತ್ತೇವೆ. ಅವಸರಕ್ಕೆ ಜಾಸ್ತಿ ಉರಿ ಕೊಟ್ಟರೆ ಹೋಳಿನ ಮೇಲ್ಮೈ ಗಟ್ಟಿಯಾಗಿ, ಒಳಗಿನ ನೀರು ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಅಂಥ ಕೊಬ್ಬರಿ ಕೈಗೆ ಒಣಗಿದಂತೆ ಅನಿಸುತ್ತದೆ, ಒಂದು ವಾರ ಬಿಟ್ಟು ಮುರಿದು ನೋಡಿದರೆ ಒಳಗೆ ಬೂಷ್ಟು.

ಇನ್ನು ಎಲ್ಲರೂ ಕೇಳುವ ಆ ಹಳೇ ಘಮದ ಮಾತು.

ತೆಂಗಿನಕಾಯಿಗೆ ಅದರದೇ ಆದ ಘಮ ಇದೆ. ಈಗ ತಾನೇ ಒಡೆದ ಕಾಯಿ ಮೂಗಿನ ಹತ್ತಿರ ಹಿಡಿದರೆ ಬರುವ ಸಿಹಿಯಾದ ವಾಸನೆ ಇದೆಯಲ್ಲ, ಅದು ಮುಖ್ಯವಾಗಿ ಲ್ಯಾಕ್ಟೋನ್ ಅನ್ನುವ ಗುಂಪಿನ ವಸ್ತುಗಳಿಂದ ಬರುತ್ತದೆ. ಹೊಸ ಎಣ್ಣೆಯಲ್ಲಿ ಇರುವುದು ಅದೇ. ಹಳೇ ಎಣ್ಣೆಯಲ್ಲೂ ಅದಿತ್ತು, ಆದರೆ ಅದರ ಮೇಲೆ ಇನ್ನೆರಡು ವಾಸನೆ ಕೂತಿದ್ದವು. ಒಂದು ಹೊಗೆಯದು. ಇನ್ನೊಂದು, ಹೇಳಲು ನಮಗೇ ಕಷ್ಟವಾಗುತ್ತದೆ, ಬೂಷ್ಟಿನದು. ಕೊಬ್ಬರಿ ಸರಿಯಾಗಿ ಒಣಗದಿದ್ದರೆ ಅದರ ಮೇಲೆ ಬೆಳೆಯುವ ಬೂಷ್ಟು ಕೊಬ್ಬನ್ನು ಒಡೆದು ಕೀಟೋನ್ ಅನ್ನುವ ವಸ್ತುಗಳನ್ನು ಮಾಡುತ್ತದೆ. ಗಾಟು ವಾಸನೆ ಅನ್ನುತ್ತೇವಲ್ಲ, ಅದರಲ್ಲಿ ಇದರದ್ದೂ ಪಾಲಿದೆ. ವರ್ಷಗಟ್ಟಲೆ ಅದನ್ನೇ ಮೂಸಿದರೆ ಅದೇ ಅಸಲಿ ಅನಿಸುತ್ತದೆ. ನಮಗೂ ಹಾಗೇ ಅನಿಸಿತ್ತು. ಡ್ರೈಯರ್‌ನ ಮೊದಲ ಎಣ್ಣೆ ಬಂದ ದಿನ ನಮ್ಮಲ್ಲೇ ಇಬ್ಬರು ಹಿರಿಯರು "ಇದರಲ್ಲಿ ದಮ್ ಇಲ್ಲ" ಅಂದರು. ಆಮೇಲೆ ಅವರ ಮುಂದೆ ಹೊಗೆ ಕೊಬ್ಬರಿ, ಬಿಸಿಲು ಕೊಬ್ಬರಿ, ಡ್ರೈಯರ್ ಕೊಬ್ಬರಿ ಮೂರನ್ನೂ ಮುರಿದು ಇಟ್ಟೆವು. ಮೊದಲನೆಯದರ ಬೆನ್ನು ಕಪ್ಪು, ಒಳಗೆ ಕಂದು. ಮೂರನೆಯದು ಹಾಲಿನಂತೆ ಬಿಳಿ. ಅದಾದ ಮೇಲೆ ಅವರು ಆ ಮಾತು ಎತ್ತಲಿಲ್ಲ.

ಹೊಗೆ ವಾಸನೆಯಷ್ಟೇ ಆಗಿದ್ದರೆ ನಾವು ಇಷ್ಟು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಸರಿಯಾಗಿ ಉರಿಯದ ಸೌದೆ, ಸಿಪ್ಪೆಗಳ ಹೊಗೆಯಲ್ಲಿ ಬೆಂಜೊಪೈರೀನ್‌ನಂಥ ವಸ್ತುಗಳಿರುತ್ತವೆ. ಅವು ಕೊಬ್ಬಿಗೆ ಅಂಟಿಕೊಳ್ಳುತ್ತವೆ, ಗಾಣದಲ್ಲಿ ಎಣ್ಣೆಯ ಜೊತೆಗೇ ಇಳಿಯುತ್ತವೆ. ಬಟ್ಟೆಯಲ್ಲಿ ಸೋಸಿದರೆ ಹೋಗುವುದಿಲ್ಲ. ಬೆಂಜೊಪೈರೀನ್ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮೊದಲ ಗುಂಪಿಗೆ ಸೇರಿಸಿದೆ. ಯುರೋಪಿನ ನಿಯಮದಲ್ಲಿ ಅಡುಗೆ ಎಣ್ಣೆಯ ಒಂದು ಕಿಲೋಗೆ 2 ಮೈಕ್ರೋಗ್ರಾಂ ಮೀರಬಾರದು. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಹಳೇ ಎಣ್ಣೆ ಬಳಸಿದವರಲ್ಲಿ ನಾವೂ ಇದ್ದೇವೆ, ನಮ್ಮ ಮಕ್ಕಳೂ ಇದ್ದಾರೆ. ಗೊತ್ತಾದ ಮೇಲೂ ಅದನ್ನೇ ಮಾರುವುದಕ್ಕೆ ಮನಸ್ಸು ಒಪ್ಪಲಿಲ್ಲ, ಅಷ್ಟೇ.

ರಿಫೈನ್ಡ್ ಅನ್ನುವ ಅನುಮಾನಕ್ಕೆ ಉತ್ತರ ನಿಮ್ಮ ಮೂಗಿನಲ್ಲೇ ಇದೆ. ರಿಫೈನ್ ಮಾಡುವಾಗ ಎಣ್ಣೆಯ ಬಣ್ಣವನ್ನು ಒಂದು ಬಗೆಯ ಮಣ್ಣಿನಿಂದ ತೆಗೆದು, ಆಮೇಲೆ 200 ಡಿಗ್ರಿಗೂ ಜಾಸ್ತಿ ಶಾಖದಲ್ಲಿ ಹಬೆ ಹಾಯಿಸಿ ವಾಸನೆಯನ್ನೂ ಹೊಡೆದೋಡಿಸುತ್ತಾರೆ. ಅಲ್ಲಿಗೆ ಕಾಯಿಯ ಘಮವೂ ಹೋಗುತ್ತದೆ, ಏನೂ ಉಳಿಯುವುದಿಲ್ಲ. ನಮ್ಮದರಲ್ಲಿ ಕಾಯಿಯ ಘಮ ಇದೆ, ಸ್ವಲ್ಪ ಮೆತ್ತಗಿದೆ. ಒಂದು ಚಮಚ ಬೆಚ್ಚಗೆ ಮಾಡಿ ಮೂಸಿ, ಗೊತ್ತಾಗುತ್ತದೆ. ಹಾಗೆ ನೋಡಿದರೆ ಹೊಗೆ ಹಿಡಿದ, ಬೂಷ್ಟು ಬಂದ ಕೊಬ್ಬರಿಯ ಎಣ್ಣೆಗೇ ರಿಫೈನ್ ಮಾಡುವ ಅವಶ್ಯಕತೆ ಜಾಸ್ತಿ. ಚೆನ್ನಾಗಿ ಒಣಗಿದ ಬಿಳಿ ಕೊಬ್ಬರಿಯ ಎಣ್ಣೆಗೆ ಸೋಸುವುದೊಂದೇ ಸಾಕು. ಈ ಮಾತನ್ನು ನಾವು ಹೆಮ್ಮೆಯಿಂದಲೇ ಹೇಳುತ್ತೇವೆ.

ಬೆರಕೆಯ ವಿಷಯವೂ ಇಲ್ಲೇ ಹೇಳಿಬಿಡುತ್ತೇವೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಫ್ರಿಜ್‌ನಲ್ಲಿ ಇಟ್ಟು ನೋಡಿ, ಪೂರ್ತಿ ಬಿಳಿಯಾಗಿ ಗಟ್ಟಿಯಾಗಬೇಕು, ಮೇಲೆ ನೀರಾದ ಪದರ ನಿಲ್ಲಬಾರದು. ಖನಿಜ ತೈಲ ಜಾಸ್ತಿ ಸೇರಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಆದರೆ ಈ ಪರೀಕ್ಷೆಯೊಂದನ್ನೇ ನಂಬಬೇಡಿ. ತಾಳೆ ಬೀಜದ ಎಣ್ಣೆಯೂ ಹೀಗೇ ಗಟ್ಟಿಯಾಗುತ್ತದೆ. ಅದನ್ನು ಹಿಡಿಯಲು ಪ್ರಯೋಗಾಲಯದಲ್ಲಿ ಅಯೋಡಿನ್ ಮೌಲ್ಯ, ಅಂದರೆ ಎಣ್ಣೆ ಎಷ್ಟು ಅಯೋಡಿನ್ ಹೀರುತ್ತದೆ ಎಂಬ ಅಳತೆ, ನೋಡಬೇಕು. ಕೋಡೆಕ್ಸ್ ಅನ್ನುವ ಅಂತರರಾಷ್ಟ್ರೀಯ ಆಹಾರ ಮಾನದಂಡದಲ್ಲಿ ಕೊಬ್ಬರಿ ಎಣ್ಣೆಯದು 6.3ರಿಂದ 10.6, ತಾಳೆ ಬೀಜದ ಎಣ್ಣೆಯದು 14ರ ಮೇಲೆ. ಈ ಪರೀಕ್ಷೆ ನಾವು ಮಾಡಿಸುತ್ತೇವೆ. ವರದಿ ಬೇಕು ಅಂದವರಿಗೆ ಕಳಿಸಿಕೊಡುತ್ತೇವೆ, ಸಂಕೋಚ ಬೇಡ, ಕೇಳಿ.

ಬೆಲೆ. ಇದರ ಬಗ್ಗೆ ನಮ್ಮ ಮೇಲೆ ಬಂದ ಮಾತು ಸ್ವಲ್ಪ ನೋವು ಕೊಟ್ಟಿದೆ. "ಕರಟ ಪುಕ್ಕಟೆ, ಗಾಣ ಹಳೇದೇ, ಮತ್ತೆ ಜಾಸ್ತಿ ಯಾಕೆ?" ಅಂತ ಕೇಳುತ್ತೀರಿ. ಲೆಕ್ಕ ಇಲ್ಲಿದೆ. ಬಲಿತ ಕಾಯಿಯ ಹಸಿ ಹೋಳಿನಲ್ಲಿ ಹೆಚ್ಚುಕಮ್ಮಿ ಅರ್ಧ ನೀರೇ. 100 ಕಿಲೋ ಹೋಳನ್ನು ತೇವ 6 ಶೇಕಡಕ್ಕೆ ಇಳಿಯುವಷ್ಟು ಒಣಗಿಸಿದರೆ ಸಿಗುವುದು ಸುಮಾರು 53 ಕಿಲೋ ಕೊಬ್ಬರಿ. ಅದೇ ಹೋಳನ್ನು 12 ಶೇಕಡಕ್ಕೆ ನಿಲ್ಲಿಸಿದರೆ ಸುಮಾರು 57 ಕಿಲೋ ಬರುತ್ತದೆ. ಎರಡರಲ್ಲೂ ಇರುವ ಎಣ್ಣೆ ಒಂದೇ, 34 ಕಿಲೋದ ಆಸುಪಾಸು. ಅದರಲ್ಲೂ ಒಂದಷ್ಟು ಹಿಂಡಿಯಲ್ಲೇ ಉಳಿಯುತ್ತದೆ. ಅಂದರೆ ಆ ನಾಲ್ಕು ಕಿಲೋ ಸುಮ್ನೆ ನೀರು. ತೂಕಕ್ಕೆ ಹಣ ಕೊಡುತ್ತಿದ್ದ ಕಾಲದಲ್ಲಿ ಸರಿಯಾಗಿ ಒಣಗಿಸಿ ತಂದವರಿಗೆ ನಷ್ಟ, ಅರೆಬರೆ ಒಣಗಿಸಿದವರಿಗೆ ಲಾಭ. ಇದನ್ನು ನಡೆಸಿಕೊಂಡು ಬಂದವರು ನಾವೇ. ಸದಸ್ಯರನ್ನು ದೂರಿ ಪ್ರಯೋಜನವಿಲ್ಲ, ನಮ್ಮ ತಕ್ಕಡಿಯೇ ಅವರಿಗೆ ಹಾಗೆ ಮಾಡಿ ಅಂತ ಹೇಳಿಕೊಟ್ಟಿತ್ತು. ಈಗ ಕಾಯಿಗೇ ಹಣ ಕೊಡುತ್ತೇವೆ. ಎಳೆಕಾಯಿ, ಮೊಳಕೆ ಬಂದ ಕಾಯಿ ಬೇಡ ಅನ್ನುತ್ತೇವೆ. ಎಳೆಕಾಯಿಯ ಕೊಬ್ಬರಿ ರಬ್ಬರಿನಂತೆ ಬಾಗುತ್ತದೆ. ಮೊಳಕೆಯದರಲ್ಲಿ ಒಳಗಿನ ಗಡ್ಡೆ ಎಣ್ಣೆಯನ್ನು ಆಗಲೇ ತಿಂದಿರುತ್ತದೆ.

ಕರಟ ನಮ್ಮದೇ, ಒಪ್ಪುತ್ತೇವೆ. ಆದರೆ ಡ್ರೈಯರ್‌ಗೆ ರಾತ್ರಿಯಿಡೀ ಕಾವಲು ಬೇಕು. ಹೋಳು ತಿರುವಬೇಕು, ಕರಟದಿಂದ ಬಿಟ್ಟ ಮೇಲೆ ಕೆತ್ತಿ ಬೇರೆ ಮಾಡಬೇಕು, ಒಂದೊಂದನ್ನೂ ನೋಡಿ ಕಲೆ ಬಿದ್ದದ್ದನ್ನು ತೆಗೆಯಬೇಕು. ಆ ತೆಗೆದದ್ದು ಮೊದಲು ಗಾಣಕ್ಕೇ ಹೋಗುತ್ತಿತ್ತು, ಈಗ ಹೋಗುವುದಿಲ್ಲ. ಹಿಂಡಿಯಾಗಿ ದನಕ್ಕೂ ಹಾಕುವುದಿಲ್ಲ, ಯಾಕೆಂದರೆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಅದು ಹಿಂಡಿಯಿಂದ ಹಸುವಿಗೆ, ಹಸುವಿನಿಂದ ಹಾಲಿಗೆ ಬರುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗಲೇ ಈ ವಿಷದ ಗುಟ್ಟು ಬಯಲಾಗಿದ್ದು. ಹೀಗೆ ಬಿಸಾಡಿದ ಕೊಬ್ಬರಿಯ ಖರ್ಚೂ ಉಳಿದ ಎಣ್ಣೆಯ ಮೇಲೆಯೇ ಬೀಳುತ್ತದೆ. ಅದನ್ನು ಮುಚ್ಚಿಟ್ಟು ಬಾಟಲಿಯ ಅಳತೆ ಕಡಿಮೆ ಮಾಡಬಹುದಿತ್ತು. ಮಾಡಲಿಲ್ಲ, ಮಾಡುವುದೂ ಇಲ್ಲ.

ಕಳೆದ ಮಳೆಗಾಲದ ಒಂದು ಕಂತಿನ ಎಣ್ಣೆ ಬೇಗ ಕಮಟಿತು. ಆಗ ದೂರು ಹೇಳಿದವರಿಗೆ ನಾವು "ನೀವು ಬಿಸಿಲಿಗೆ ಇಟ್ಟಿರಬೇಕು" ಅಂದಿದ್ದೆವು. ಹಾಗೆ ಅಂದಿದ್ದು ತಪ್ಪು. ಕೊಬ್ಬರಿಯಲ್ಲಿ ತೇವ ಇತ್ತು, ಗಸಿ ಪೂರ್ತಿ ತಳಕ್ಕೆ ಇಳಿಯುವ ಮೊದಲೇ ಬಾಟಲಿ ತುಂಬಿದ್ದೆವು. ನೀರಿನ ಹನಿ ಇದ್ದಲ್ಲಿ ಕೊಬ್ಬು ಒಡೆದು ಆಮ್ಲ ಬಿಡುತ್ತದೆ, ಗಂಟಲು ಕೆರೆಯುವುದು ಅದರಿಂದಲೇ. ಆವತ್ತು ನಮ್ಮಿಂದ ಹಾಗೆ ಅನ್ನಿಸಿಕೊಂಡ ಪ್ರತಿಯೊಬ್ಬರಲ್ಲೂ ಕ್ಷಮೆ ಕೇಳುತ್ತೇವೆ. ನಿಜ ಹೇಳಬೇಕೆಂದರೆ ಡ್ರೈಯರ್ ಹಾಕಿಸುವ ಮಾತು ಶುರುವಾದದ್ದೇ ನಿಮ್ಮ ಆ ದೂರುಗಳಿಂದ. ಈಗ ಎಣ್ಣೆಯನ್ನು ಸಾಕಷ್ಟು ದಿನ ನಿಲ್ಲಿಸಿ, ಎರಡು ಸಲ ಸೋಸಿ ತುಂಬುತ್ತೇವೆ. ಬಾಟಲಿಗಳು ತಡವಾಗಿ ಬರುತ್ತಿರುವುದಕ್ಕೆ ಇದೂ ಒಂದು ಕಾರಣ.

ಕೆಲವರು ನಮ್ಮಿಂದ ಕರಟ ಒಯ್ಯುತ್ತಿದ್ದಿರಿ. ಈಗ ಅದು ಡ್ರೈಯರ್‌ಗೇ ಬೇಕು, ಉಳಿದದ್ದನ್ನು ಮಾತ್ರ ಇದ್ದಿಲು ಮಾಡುತ್ತೇವೆ. ಕಾಯಿನೀರನ್ನು ಮೊದಲು ಚರಂಡಿಗೆ ಬಿಡುತ್ತಿದ್ದೆವು, ಅದು ಹುಳಿತು ನಾರುತ್ತಿತ್ತು. ಈಗ ಸಕ್ಕರೆ ಸೇರಿಸಿ ಹುದುಗಿಸಿ ವಿನೆಗರ್ ಮಾಡುವ ಪ್ರಯತ್ನ ನಡೆದಿದೆ. ಇನ್ನೂ ಮಾರುವ ಮಟ್ಟಕ್ಕೆ ಬಂದಿಲ್ಲ. ಬಂದಾಗ ಮೊದಲೇ ಹೇಳುತ್ತೇವೆ, ಈ ಸಲದ ತಪ್ಪು ಮತ್ತೆ ಮಾಡುವುದಿಲ್ಲ. ನಾರಿನ ಪುಡಿ ಕುಂಡಗಳಿಗೆ ಬೇಕಾದವರು ಕೇಳಿ, ಆದರೆ ಹಾಗೇ ಬಳಸಬೇಡಿ, ಅದರಲ್ಲಿ ಉಪ್ಪಿನಂಶ ಇರುತ್ತದೆ. ಎರಡು ಮೂರು ಸಲ ಒಳ್ಳೆ ನೀರಿನಲ್ಲಿ ತೊಳೆದು ಹಿಂಡಿ.

ಮನೆಯಲ್ಲಿ ಎಣ್ಣೆ ಇಡುವಾಗ ಒದ್ದೆ ಚಮಚ ಹಾಕಬೇಡಿ. ಬೆಳಕು ಬೀಳದ ಕಡೆ ಇಡಿ. ಗಟ್ಟಿಯಾದರೆ ಬಾಟಲಿಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಕರಗುತ್ತದೆ, ಒಲೆಯ ಮೇಲೆ ಇಡುವುದು ಬೇಡ. ಗಟ್ಟಿಯಾಗಿ ಕರಗಿದ್ದರಿಂದ ಎಣ್ಣೆ ಕೆಡುವುದಿಲ್ಲ.

ಇಷ್ಟು ಹೇಳಿದ ಮೇಲೂ ಹೊಸ ಎಣ್ಣೆ ಹಿಡಿಸದೆ ಇರಬಹುದು, ನಿಮ್ಮ ನಾಲಿಗೆ, ನಿಮ್ಮ ಇಷ್ಟ. ತೆರೆದ ಬಾಟಲಿಯಾದರೂ ಪರವಾಗಿಲ್ಲ, ವಾಪಸ್ ತನ್ನಿ, ಹಣ ಕೊಡುತ್ತೇವೆ. ಹೊಗೆ ಕೊಬ್ಬರಿಯ ಎಣ್ಣೆ ಮಾತ್ರ ಇನ್ನು ನಮ್ಮಲ್ಲಿ ಸಿಗುವುದಿಲ್ಲ. ಒಣಗಿಸುವುದನ್ನು ಕಣ್ಣಾರೆ ನೋಡಬೇಕು ಅನ್ನುವವರು ಮೊದಲೇ ಒಂದು ಫೋನ್ ಮಾಡಿ ಬನ್ನಿ. ಕಾಯಿ ಒಡೆಯುವುದು ಬೆಳಗ್ಗೆ ಬೇಗ. ಆ ಹೊತ್ತಿಗೆ ಬಂದರೆ ಒಡೆಯುವುದರಿಂದ ಹಿಡಿದು ಡ್ರೈಯರ್ ತುಂಬುವವರೆಗೆ ಎಲ್ಲವನ್ನೂ ನೋಡಬಹುದು, ಹಿಂದಿನ ಕಂತಿನ ಕೊಬ್ಬರಿಯನ್ನು ನೀವೇ ಮುರಿದೂ ನೋಡಬಹುದು.

ಇತಿ ನಿಮ್ಮ,
ಸಂಘದ ಎಲ್ಲ ಸದಸ್ಯರು ಮತ್ತು ಗಾಣದ ಮನೆಯವರು