ಬ್ರೋಕರ್ ಬಾಯಿ ಬಿಡದ ಊರಿನಿಂದ

ಪ್ರೀತಿಯ ಗೆಳೆಯ,

ವಿಜಯನಗರದಲ್ಲಿ ಬಾಡಿಗೆ ಮನೆ ನೋಡಲು ಹೋದಾಗ ಬ್ರೋಕರ್ ಗೇಟು ತೆಗೆಯುವ ಮೊದಲೇ 'ನೀವು ಯಾವ ಜನ ಸಾರ್?' ಅಂತ ಕೇಳಿದ ಎಂದು ಬರೆದಿದ್ದೀಯಲ್ಲ, ಓದಿ ನಗು ಬಂತು ಕಣೋ. ಆಮೇಲೆ ನನ್ನ ಕಥೆ ನೆನಪಾಗಿ ನಗು ನಿಂತಿತು.

ನಾವಿರುವ ಓಕ್ ಪಾರ್ಕ್ ಷಿಕಾಗೋದ ಪಶ್ಚಿಮಕ್ಕೆ ಅಂಟಿಕೊಂಡ ಊರು. ನಡುವೆ ಇರೋದು ಆಸ್ಟಿನ್ ಬುಲೆವಾರ್ಡ್ ಅನ್ನೋ ಒಂದೇ ರಸ್ತೆ. ಆಚೆ ಬದಿಯ ಆಸ್ಟಿನ್ ಬಡಾವಣೆಯಲ್ಲಿ ಹೆಚ್ಚಿನವರು ಕಪ್ಪು ಜನ. ಮನೆ ತೋರಿಸಲು ಬಂದ ಏಜೆಂಟ್ ಹೆಂಗಸನ್ನು 'ಈ ಬೀದಿಯಲ್ಲಿ ಎಂಥ ಜನ ಇದ್ದಾರೆ?' ಅಂತ ಕೇಳಿದೆ. ಆಕೆ ಸಿಂಕು ತೋರಿಸಿದಳು. ಮತ್ತೆ ಕೇಳಿದೆ. ಚಾವಣಿ ರಿಪೇರಿಯಾಗಿದೆ ಅಂದಳು. ಮೂರನೇ ಸಲಕ್ಕೆ, ಅದನ್ನು ನಾನು ಹೇಳುವ ಹಾಗಿಲ್ಲ ಅಂದುಬಿಟ್ಟಳು. ಬಣ್ಣ ನೋಡಿ ಗಿರಾಕಿಯನ್ನು ಇಂಥದೇ ಬೀದಿಗೆ ತಿರುಗಿಸಬಾರದು ಅಂತ 1968ರ ಫೇರ್ ಹೌಸಿಂಗ್ ಕಾಯ್ದೆ ಇದೆ. ನಿನ್ನ ಬ್ರೋಕರ್ ನೇರವಾಗಿ ಕೇಳಿದ್ದನ್ನೇ ನಾನು ಸುತ್ತಿ ಬಳಸಿ ಕೇಳಿದ್ದೆ, ಅಷ್ಟೇ.

ಪಕ್ಕದ ಮನೆಯ ಅಜ್ಜಿ ಕಪ್ಪು ಜನಾಂಗದವರು, 1970ರ ದಶಕದಲ್ಲಿ ಇಲ್ಲಿಗೆ ಬಂದವರು. ಊರಿನ ಹಳೇ ಕಥೆಯೆಲ್ಲ ನನಗೆ ಗೊತ್ತಾದದ್ದು ಅವರ ಮನೆ ಮೆಟ್ಟಿಲ ಮೇಲೆ ಕೂತು. ಪರ್ಸಿ ಜೂಲಿಯನ್ ಅಂತ ದೊಡ್ಡ ರಸಾಯನ ವಿಜ್ಞಾನಿ, ಕಪ್ಪು ಜನಾಂಗದವನು, ಸೋಯಾ ಅವರೆಯಿಂದ ಹಾರ್ಮೋನು ತಯಾರಿಸಿದವನು. 1950ರಲ್ಲಿ ಇಲ್ಲಿ ಮನೆ ಕೊಂಡ. ಸಂಸಾರ ಇನ್ನೂ ಒಳಗೆ ಕಾಲಿಟ್ಟಿರಲಿಲ್ಲ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನವೇ ಮನೆ ಸುಡಲು ನೋಡಿದರು. ಮರುವರ್ಷ ಡೈನಮೈಟ್ ಎಸೆದರು. ಆತ ಕದಲಲಿಲ್ಲ. ಈಗ ಅವನ ಹೆಸರಲ್ಲಿ ಇಲ್ಲೊಂದು ಶಾಲೆಯೇ ಇದೆ.

ಆದರೆ ಊರು ಬದಲಾದದ್ದು ಮನಸ್ಸು ಕರಗಿ ಅಂದುಕೊಳ್ಳಬೇಡ ಮಾರಾಯ. ಆಸ್ಟಿನ್‌ನಲ್ಲಿ ಬ್ರೋಕರ್‌ಗಳು 'ಕಪ್ಪು ಜನ ಬರ್ತಿದ್ದಾರೆ, ರೇಟು ಬೀಳುತ್ತೆ' ಅಂತ ಬಿಳಿಯರನ್ನು ಹೆದರಿಸಿ, ಅಗ್ಗಕ್ಕೆ ಕೊಂಡು, ಬಂದವರಿಗೆ ದುಬಾರಿಗೆ ಮಾರಿದರು. ಬಿಳಿಯರು ಬೀದಿಗೆ ಬೀದಿಯೇ ಖಾಲಿ ಮಾಡಿ ಹೋದರು. ಅದನ್ನು ನೋಡುತ್ತಿದ್ದ ಈ ಊರು ಲೆಕ್ಕಕ್ಕೆ ಕೂತಿತು. 1968ರಲ್ಲಿ ಮನೆ ಕೊಡುವಾಗ ಬಣ್ಣ ನೋಡಬಾರದು ಅಂತ ತನ್ನದೇ ಕಾನೂನು, 1972ರಲ್ಲಿ ಮನೆ ಹುಡುಕುವವರಿಗೆ ನೆರವಾಗುವ ಹೌಸಿಂಗ್ ಸೆಂಟರ್. 'ಮನೆ ಮಾರಾಟಕ್ಕಿದೆ' ಅನ್ನೋ ಬೋರ್ಡು ಕಂಡರೆ ಗಾಬರಿ ಹಬ್ಬುತ್ತೆ ಅಂತ ಅದನ್ನೂ ನಿಲ್ಲಿಸಿದರು. ಮನೆ ಬೆಲೆ ಬಿದ್ದರೆ ನಷ್ಟ ತುಂಬಿಕೊಡುವ ವಿಮೆಯಂಥದ್ದೊಂದನ್ನೂ ತಂದರು.

ಯಾವ ಬೀದಿಯೂ ಒಂದೇ ಬಣ್ಣದವರದ್ದಾಗಬಾರದು ಅಂತ ಸೆಂಟರಿನವರು ಬಿಳಿಯರಿಗೆ ಆಸ್ಟಿನ್ ಗಡಿಯ ಪೂರ್ವದ ಬೀದಿಗಳನ್ನು ತೋರಿಸಿ ಪುಸಲಾಯಿಸುತ್ತಿದ್ದರಂತೆ, ಕಪ್ಪು ಜನರಿಗೆ ಊರಿನ ಉಳಿದ ಕಡೆ. 'ಅದೂ ಬಣ್ಣ ಎಣಿಸಿದ ಹಾಗೇ ಆಯಿತಲ್ಲ?' ಅಂದೆ. ಅಜ್ಜಿ ಬೀನ್ಸ್ ನಾರು ತೆಗೆಯುತ್ತಿದ್ದರು. ಕೈ ನಿಲ್ಲಿಸದೆ, 'ಹೂಂ, ಎಣಿಸಿದರು. ಎಣಿಸದೆ ಬಿಟ್ಟ ಕಡೆ ಏನಾಯಿತು ಅಂತ ರಸ್ತೆ ದಾಟಿ ನೋಡಿ ಬಾ' ಅಂದರು. ನನಗಿನ್ನೂ ಪೂರ್ತಿ ಸಮಾಧಾನ ಇಲ್ಲ, ಆದರೆ ಅವರಿಗೆ ಉತ್ತರ ಕೊಡಲೂ ಆಗಲಿಲ್ಲ.

ಏಜೆಂಟಳನ್ನು ನಾನು ಕೇಳಿದ್ದನ್ನೂ ಅವರ ಮುಂದೆ ಒಪ್ಪಿಕೊಂಡೆ. ಜೋರಾಗಿ ನಕ್ಕರು. 'ನಿಮ್ಮ ವಿಷಯ ನನಗೂ ಯಾರೂ ಹೇಳಲಿಲ್ಲಪ್ಪ. ಹೇಳಿದ್ದರೆ ಆ ಇಂಗಿನ ಒಗ್ಗರಣೆಗೆ ಮೊದಲೇ ಕಿಟಕಿ ಹಾಕಿಕೊಳ್ಳುತ್ತಿದ್ದೆ!'

ಮನೆ ಸಿಕ್ಕಿದ ಕೂಡಲೇ ವಿಳಾಸ ಕಳಿಸು. ಅಂದಹಾಗೆ, ಆ ಬ್ರೋಕರ್‌ಗೆ ನೀನು ಏನು ಉತ್ತರ ಕೊಟ್ಟೆ ಅಂತ ಬರೆಯಲೇ ಇಲ್ಲ.

ನಿನ್ನವ