ಮಗಳಿಗೊಂದು ಪತ್ರ: ಅಂಗಡಿ ಹಿಡಿಯೂಕಿಂತ ಮೊದ್ಲ

ಮಗಳ,

ಸಪ್ತಾಪುರದಾಗ ನೀ ಬೇಕರಿಗೆ ಅಂತ ನೋಡಿಟ್ಟ ಅಂಗಡಿ ನಿನ್ನೆ ಧಾರವಾಡಕ್ಕ ಬಂದಾಗ ನೋಡ್ಕೊಂಡು ಬಂದೆ. ಜಾಗಾ ಭಾಳ ಚಲೋ ಐತಿ, ಕೋಚಿಂಗ್ ಹುಡುಗುರು ಸಂಜಿ ಮುಂದ ರಸ್ತೆ ತುಂಬ ಇರ್ತಾರ, ವ್ಯಾಪಾರದ ಬಗ್ಗೆ ನನಗ ಚಿಂತಿ ಇಲ್ಲ. ಆದ್ರ ಮ್ಯಾಲಿನ ಸ್ಲ್ಯಾಬ್ ನೋಡಿಯೇನವಾ? ಹಿಂದಿನ ಮೂಲ್ಯಾಗ ಫ್ಯಾನಿನ ಹುಕ್ಕಿನ ಸುತ್ತ ಹಳದಿ ಕಲಿ ಆಗೈತಿ, ಪ್ಲಾಸ್ಟರ್ ಉಬ್ಬೈತಿ, ಕೋಲಿಲೆ ಬಡದ್ರ ಟೊಳ್ಳು ಸಪ್ಪಳ ಬರ್ತೈತಿ, ಒಂದು ಕಡೆ ಚೆಕ್ಕಿ ಉದುರಿ ತುಕ್ಕು ಹಿಡದ ಕಬ್ಬಿಣ ಕಾಣಾಕತ್ತೈತಿ. ನೀ ಓವನ್ ಇಡೂದು ಅದರ ಕೆಳಗನ.

ಮಾಲಕರು ಎಲ್ಲಾ ಮಾಡ್ಸಿ ಕೊಡ್ತೀವಿ ತಂಗಿ ಅಂದಾರಂತ. ಒಳ್ಳೇ ಮಂದಿನ ಇರಬಹುದು, ಆದ್ರ ಆ ಮಾತು ಅಗ್ರಿಮೆಂಟಿನ್ಯಾಗ ಬರಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆ, 108ನೇ ಕಲಂ ಪ್ರಕಾರ ಜಾಗಾ ತಗೊಂಡಾಗ ಹೆಂಗಿತ್ತೋ ಹಂಗ ಇಟ್ಕೊಂಡು ವಾಪಸ್ ಕೊಡೂದು ಬಾಡಿಗಿದಾರರ ಜವಾಬ್ದಾರಿ, ದಿನಾ ಬಳಸಿ ಸವಿಯೂದೊಂದು ಬಿಟ್ಟು. ಮಾಲಕರ ಪಾಲಿನ ರಿಪೇರಿ ನೀ ನೋಟಿಸ್ ಕೊಟ್ಟ ಮ್ಯಾಲೂ ಅವರು ಮಾಡ್ಲಿಲ್ಲಂದ್ರ ನೀನ ಮಾಡ್ಸಿ ಖರ್ಚು ಬಡ್ಡಿ ಸಮೇತ ಬಾಡಿಗ್ಯಾಗ ಮುರ್ಕೊಳ್ಳಾಕ ಬರ್ತೈತಿ, ಆದ್ರ ಅವರ ಪಾಲಿನ ರಿಪೇರಿ ಯಾವುದು ಅಂತ ಕರಾರಿನ್ಯಾಗ ಬರಸದಿದ್ರ ಆ ಹಕ್ಕು ಹಿಡ್ಕೊಂಡು ಏನ್ ಮಾಡ್ತಿ? ಸ್ಲ್ಯಾಬು, ಗ್ವಾಡಿ, ಹೊರಗಿನ ಡ್ರೈನೇಜು, ಮನಿ ಪಟ್ಟಿ, ಅಂದ್ರ ಆಸ್ತಿ ತೆರಿಗಿ, ಅವರದು. ಶಟರಿಗೆ ಗ್ರೀಸು, ನಲ್ಲಿ, ಬಲ್ಬು, ಒಳಗಿನ ಬಣ್ಣ ನಿಂದು. ಇಷ್ಟು ಬರಿಸಿಬಿಡು. ನಿನ್ನ ಅಂಗಡಿ 14 ಚದರ ಮೀಟರಕ್ಕಿಂತ ದೊಡ್ಡದು, ಕರ್ನಾಟಕ ಬಾಡಿಗೆ ಕಾಯ್ದೆ 1999 ಅದಕ್ಕ ಹತ್ತೂದಿಲ್ಲ, ಹಂಗಾಗಿ ಕರಾರ ನಿನಗ ಆಧಾರ.

ಇನ್ನ ನೀ ರೊಕ್ಕ ಹಾಕೂ ವಿಷಯ, ನನಗ ನಿದ್ದಿ ಕೆಡಸಿದ್ದು ಇದ. ಟೈಲ್ಸು, ಹೊಗಿ ಹೋಗೂ ಡಕ್ಟು, ಹೆಸ್ಕಾಂ ತ್ರೀಫೇಸ್ ಲೋಡು, ಪ್ಲಂಬಿಂಗು, ಎಲ್ಲಾ ಸೇರಿ ನಿನ್ನ ಉಳಿತಾಯ ಅರ್ಧಾ ಹೋಗ್ತೈತಿ. ಓವನ್ನು, ಕೌಂಟರು, ಶೋಕೇಸು, ಡಕ್ಟು ಬಿಡೂ ಮುಂದ ಬಿಚ್ಕೊಂಡು ಒಯ್ಯಬಹುದು, ಜಾಗಾ ಮೊದ್ಲಿದ್ದಂಗ ಮಾಡಿಕೊಟ್ರ ಆತು, ಕಾಯ್ದೆನೂ ಅದನ್ನ ಒಪ್ಪತೈತಿ. ಟೈಲ್ಸ್ ಕಿತ್ಕೊಂಡು ಒಯ್ಯಾಕ ಆಕೈತೇನು? ಅದು ಮಾಲಕರ ಅಂಗಡಿಗನ ಉಳಿಯೂದು, ಅದಕ್ಕ ಅಂಥಾ ಕೆಲಸಕ್ಕ ಅರ್ಧಾ ಖರ್ಚು ಅವರು ಹಾಕ್ಲಿ, ಇಲ್ಲಾ ಕೆಲಸ ನಡಿಯೂ ಎರಡು ತಿಂಗಳ ಬಾಡಿಗಿ ಬಿಡ್ಲಿ, ಸಂಕೋಚ ಮಾಡ್ಕೋಬ್ಯಾಡ, ಕೇಳು. ಹೊಸಾ ಗ್ವಾಡಿ ಕಟ್ಟೂದು, ಮೆಜನೈನ್, ಅಂದ್ರ ಒಳಗ ನಡುವ ಅಟ್ಟ ಹಾಕೂದು ಇದ್ರ ಅವರ ಒಪ್ಪಿಗಿ ಬರವಣಿಗ್ಯಾಗ ತಗೊ.

ಹನ್ನೊಂದು ತಿಂಗಳಿನ ಅಗ್ರಿಮೆಂಟ್ ಸಾಕು, ಆಮ್ಯಾಲ ರಿನ್ಯೂವಲ್ ಮಾಡೂಣು ಅಂತ ಏಜೆಂಟ್ ಹೇಳ್ತಾನ, ಒಪ್ಪಬ್ಯಾಡ. ಇಷ್ಟು ರೊಕ್ಕ ಹಾಕಿದಾಕಿಗೆ ಐದು ವರ್ಷರ ಬೇಕು, ಅಷ್ಟ್ರಾಗ ನಿನ್ನ ಬಿಡಸೂದಿಲ್ಲ ಅಂತ ಅವರೂ ಬರದು ಕೊಡಬೇಕು. ಒಂದು ವರ್ಷದ ಮ್ಯಾಲಿನ ಕರಾರು ಸಬ್‌ರಿಜಿಸ್ಟ್ರಾರ್ ಆಫೀಸಿನ್ಯಾಗ ನೋಂದಣಿ ಆಗಲೇಬೇಕು, ಸ್ಟ್ಯಾಂಪ್ ಖರ್ಚು ಉಳಸಾಕ ಹೋಗಿ ಬರೇ ನೋಟರಿ ಮಾಡ್ಸಿದ್ರ ಐದು ವರ್ಷದ ಮಾತು ಕೋರ್ಟಿನ್ಯಾಗ ನಿಲ್ಲೂದಿಲ್ಲ.

ರವಿವಾರ ನಮ್ಮ ಗೌಂಡಿನ್ನ ಕರ್ಕೊಂಡು ಬರ್ತೀನಿ, ಸ್ಲ್ಯಾಬಿಗೆ ಎಷ್ಟು ಖರ್ಚು ಬರ್ತೈತಿ ಹೇಳ್ತಾನ. ಫೋಟೋ ತಗದು ಅಗ್ರಿಮೆಂಟಿಗೆ ಹಚ್ಚೂಣು. ಅಲ್ಲೀತನಕ ಟೋಕನ್ ರೊಕ್ಕ ಕೊಡಬ್ಯಾಡ.

ನಿನ್ನ ಅಪ್ಪ,
ಗದಗ