ವಾಕರ್ ಅನ್ನೋ ಹೆಸರಿನ ಕಥೆ

ಪ್ರಿಯ ಗೆಳೆಯ,

ನೀನಿರೋ ಇಂಗ್ಲೆಂಡಿನ ಲೀಡ್ಸ್‌ ಊರಲ್ಲಿ ವಾಕರ್ ಅನ್ನೋ ಮನೆತನದವರು ಇಷ್ಟು ಜನ ಯಾಕಿದ್ದಾರೆ, ಇವರ ಹಿರಿಯರು ಅಷ್ಟೊಂದು ನಡೀತಿದ್ರಾ ಅಂತ ಕೇಳಿದ್ದೆಯಲ್ಲ. ನಮ್ಮ ಕಡೆ ಬಡಿಗೇರ, ಪತ್ತಾರ, ಕಂಬಾರ ಇದ್ದ ಹಾಗೆ ಅದೂ ಕಸುಬಿನ ಹೆಸರು ಕಣೋ. ಉಣ್ಣೆ ಬಟ್ಟೆ ತುಳಿಯೋ ಕಸುಬು.

ಮಗ್ಗದಿಂದ ಇಳಿದ ಉಣ್ಣೆ ಬಟ್ಟೆ ಜಾಳುಜಾಳಾಗಿರುತ್ತದೆ. ಜಿಡ್ಡೂ ಹಾಗೇ ಅಂಟಿಕೊಂಡಿರುತ್ತದೆ. ಅದನ್ನು ತೊಟ್ಟಿಯಲ್ಲಿ ನೆನೆಹಾಕಿ, ಒಳಗಿಳಿದು ಬರಿಗಾಲಲ್ಲಿ ಗಂಟೆಗಟ್ಟಲೆ ತುಳಿಯುತ್ತಿದ್ದರು. ತೊಟ್ಟಿಯಲ್ಲಿ ಬರೀ ನೀರಿರುತ್ತಿರಲಿಲ್ಲ, ದಿನಗಟ್ಟಲೆ ಇಟ್ಟು ಹುಳಿಸಿದ ಮೂತ್ರವೂ ಇರುತ್ತಿತ್ತು. ಅದರ ಅಮೋನಿಯಾ ಜಿಡ್ಡು ಬಿಡಿಸುತ್ತದೆ. ಜೊತೆಗೆ ಜಿಡ್ಡು ಹೀರುವ ಜೇಡಿಮಣ್ಣು. ಅದೇ ನಾವು ಮುಖಕ್ಕೆ ಹಚ್ಚೋ ಮುಲ್ತಾನಿ ಮಿಟ್ಟಿಯ ಜಾತಿಯದು. ತುಳಿದಷ್ಟೂ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗುತ್ತದೆ, ದಪ್ಪವಾಗುತ್ತದೆ, ಚಳಿಗಾಳಿ ತಡೆಯುತ್ತದೆ. ಆ ನಾತದಲ್ಲಿ ನಿಂತು ದುಡಿದವರ ಹೆಸರು ಇವತ್ತಿಗೂ ಉಳಿದಿದೆ ಅಂದರೆ ನನಗೆ ನಿಜಕ್ಕೂ ಸಂತೋಷ.

ಈ ಕಸುಬಿಗೆ ಇಂಗ್ಲೆಂಡಿನ ಉತ್ತರದಲ್ಲಿ ವಾಕರ್ ಅಂದರು, ದಕ್ಷಿಣ ಮತ್ತು ಪೂರ್ವದಲ್ಲಿ ಫುಲ್ಲರ್, ಡೆವನ್ ಕಡೆ ಟಕರ್. ಮೂರೂ ಈಗ ಮನೆತನದ ಹೆಸರುಗಳೇ.

ಇನ್ನು ‘ವಾಕ್’ ವಿಷಯ. ಹಳೆಯ ಇಂಗ್ಲಿಷಿನಲ್ಲಿ ಈ ಕ್ರಿಯಾಪದಕ್ಕೆ ಉರುಳು, ಹೊರಳಾಡು ಅಂತ ಅರ್ಥ. ಕಡಲಿನ ಅಲೆಗಳು ಹೊರಳೋದಕ್ಕೂ ಇದೇ ಬೇರಿನ ಮಾತು. ಬಟ್ಟೆ ಹೊರಳಿಸಿ ತುಳಿಯೋದಕ್ಕೂ ಇದೇ ಮಾತು, ಹಾಗೆ ತುಳಿಯೋನೇ ವಾಕರ್. ನಡೆಯೋದಕ್ಕೆ ಆಗ ‘ಗೋ’ ಇತ್ತಲ್ಲ, ಅದೇ ಸಾಕಾಗಿತ್ತು. ಸುಮಾರು 13ನೇ ಶತಮಾನದ ಹೊತ್ತಿಗೆ ‘ವಾಕ್’ ಅಂದರೆ ಅತ್ತಿತ್ತ ಅಲೆದಾಡು ಅಂತಾಯಿತು, ಆಮೇಲೆ ಕಾಲ್ನಡಿಗೆಯೇ ಅದರ ಮುಖ್ಯ ಅರ್ಥವಾಗಿ ನಿಂತಿತು. ಬಟ್ಟೆ ತುಳಿಯೋ ಅರ್ಥ ಮಾತ್ರ ನಿಧಾನವಾಗಿ ಜನರ ಬಾಯಿಂದ ಮರೆಯಾಯಿತು. ಜರ್ಮನರು ಇವತ್ತಿಗೂ ಆ ಕೆಲಸಕ್ಕೆ ‘ವಾಲ್ಕನ್’ ಅಂತಲೇ ಅನ್ನುತ್ತಾರೆ.

ಸ್ಕಾಟ್ಲೆಂಡಿನ ಹೆಬ್ರಿಡೀಸ್ ದ್ವೀಪಗಳಲ್ಲಿ ಇದೇ ಕೆಲಸಕ್ಕೆ ಹೆಂಗಸರು ಉದ್ದನೆಯ ಹಲಗೆಯ ಸುತ್ತ ಕೂತು, ಒದ್ದೆ ಬಟ್ಟೆಯನ್ನು ಹಲಗೆಗೆ ಬಡಿಯುತ್ತಾ ಅಲ್ಲಿನ ಗೇಲಿಕ್ ಭಾಷೆಯ ಹಾಡು ಹೇಳುತ್ತಿದ್ದರು. ಒಬ್ಬಳು ಎತ್ತಿಕೊಟ್ಟರೆ ಉಳಿದವರು ಸೊಲ್ಲು ಹಿಡಿಯೋದು. ಥೇಟ್ ನಮ್ಮ ಬೀಸೋ ಪದ, ಕುಟ್ಟೋ ಪದಗಳ ಹಾಗೆ. ಧ್ವನಿಮುದ್ರಣಗಳಿವೆ, ಹುಡುಕಿ ಕೇಳು, ಬಿಡಬೇಡ.

ಇಂಗ್ಲೆಂಡಿನಲ್ಲಿ 12ನೇ ಶತಮಾನದ ಕೊನೆಗಾಗಲೇ ನೀರಿನ ಚಕ್ರದಿಂದ ಓಡುವ ಮರದ ಸುತ್ತಿಗೆಗಳು ಕಾಲಿನ ಕೆಲಸ ಮಾಡತೊಡಗಿದ್ದವು. ನಿಮ್ಮೂರಿನ ಆರ್ಮ್ಲಿ ಮಿಲ್ಸ್ ಕೂಡ ಹಿಂದೆ ಇಂಥದ್ದೇ ಕೆಲಸದ ಜಾಗ, ಈಗ ಮ್ಯೂಸಿಯಂ. ಒಂದು ಭಾನುವಾರ ಹೋಗಿ ಬಾ, ಕಂಡದ್ದನ್ನೆಲ್ಲ ಬರೆದು ಕಳಿಸು.

ಇಂತಿ ನಿನ್ನ ಗೆಳೆಯ